ಸ್ಕ್ಯಾನ್‌ಗೆ ಮುಂಚೆ ರಕ್ತ: ಬಳ್ಳಾರಿಯಲ್ಲೇ ಪ್ಯಾರಾಥೈರಾಯ್ಡ್ ಪರೀಕ್ಷೆ ಮಾಡಿದ ನನ್ನ ಅನುಭವ

ಪ್ಯಾರಾಥೈರಾಯ್ಡ್ ಆಪರೇಷನ್‌ಗೆ ಮುಂಚೆ ಬೇಕಾಗುವ ರಕ್ತ ಪರೀಕ್ಷೆಗಳನ್ನು ಬಳ್ಳಾರಿಯಲ್ಲೇ ಪೂರ್ತಿ ಮಾಡಬಹುದು. ನಾನು ನನ್ನ ಲ್ಯಾಬಿನಲ್ಲಿ ಮಾಡುತ್ತಿದ್ದೇನೆ. ಪ್ಯಾರಾಥೈರಾಯ್ಡ್ ಅಂದರೆ ಕುತ್ತಿಗೆಯಲ್ಲಿರುವ ಸಣ್ಣ ಗ್ರಂಥಿಗಳು. ಅವು ಬಿಡುವ ಪಿಟಿಹೆಚ್ ಅನ್ನುವ ಹಾರ್ಮೋನ್ ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ. ಗ್ರಂಥಿಯಲ್ಲಿ ಗಡ್ಡೆ ಬೆಳೆದರೆ ಸಾಮಾನ್ಯವಾಗಿ ಎರಡೂ ಏರುತ್ತವೆ, ಅದನ್ನು ತೆಗೆಯುವುದೇ ಈ ಆಪರೇಷನ್. ಕೆಲವು ವರ್ಷದ ಹಿಂದೆ ಈ ಮಾತು ಹೇಳಿದಾಗ ನಮ್ಮ ಲೈನಿನವರೇ ನಂಬಲಿಲ್ಲ. "ಕ್ಯಾಲ್ಸಿಯಂ ಸರಿಯಾಗಿ ಬಂದರೆ ಸಾಕು ಬಿಡಿ, ಪಿಟಿಹೆಚ್ ಎಲ್ಲ ಬೆಂಗಳೂರಿನವರ ಕೆಲಸ" ಅಂದರು. ಒಬ್ಬ ಹಿರಿಯ ಸರ್ಜನ್ ಅಂತೂ ನನ್ನ ರಿಪೋರ್ಟ್ ಪಕ್ಕಕ್ಕಿಟ್ಟು, ಅದೇ ಪೇಷಂಟನ್ನು ಮತ್ತೆ ಬೆಂಗಳೂರಿಗೆ ಕಳಿಸಿದರು. ಅಲ್ಲಿಂದ ಬಂದ ಅಂಕಿ ನನ್ನ ಅಂಕಿಯ ಪಕ್ಕದಲ್ಲೇ ಕೂತಿತ್ತು. ಹಾಗೆ ಮೂರ್ನಾಲ್ಕು ಸಲ ಆಯಿತು. ಈಗ ಅದೇ ಸರ್ ಕುತ್ತಿಗೆಯ ಸ್ಕ್ಯಾನ್ ಬರೆಯುವ ಮುಂಚೆ ನನಗೆ ಫೋನ್ ಮಾಡುತ್ತಾರೆ.

ನಮ್ಮ ಕಡೆಯ ಲ್ಯಾಬ್‌ನವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ರಾಯಚೂರು, ಕೊಪ್ಪಳ, ಗಂಗಾವತಿ, ಸಿಂಧನೂರಿನಲ್ಲಿ ಈ ಕೆಲಸ ಮಾಡಬಲ್ಲವರು ಇದ್ದಾರೆ ಅಂತ ನನಗೆ ಗೊತ್ತು.

ನಾನು ಶುರು ಮಾಡಿದಾಗ ಇದ್ದ ಪದ್ಧತಿ ಹೀಗಿತ್ತು. ಮೂಳೆ ನೋವು ಅಂತಲೋ, ಮತ್ತೆ ಮತ್ತೆ ಕಿಡ್ನಿ ಕಲ್ಲು ಅಂತಲೋ ಪೇಷಂಟ್ ಬರುತ್ತಾರೆ. ಒಂದು ಲ್ಯಾಬಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಬರುತ್ತದೆ. ಡಾಕ್ಟರ್ ಪಿಟಿಹೆಚ್ ಬರೆಯುತ್ತಾರೆ. ದುಡ್ಡು ಹೊಂದಿಸಿಕೊಂಡು ಮೂರು ವಾರ ಬಿಟ್ಟು ಬೇರೆ ಕಡೆ ಪಿಟಿಹೆಚ್ ಕೊಡುತ್ತಾರೆ. ಆ ದಿನ ಕ್ಯಾಲ್ಸಿಯಂ ಎಷ್ಟಿತ್ತು ಅಂತ ಯಾರಿಗೂ ಗೊತ್ತಿಲ್ಲ. ವಿಟಮಿನ್ ಡಿ ರಿಪೋರ್ಟ್ ಇನ್ನೊಂದು ತಿಂಗಳದ್ದು. ಮೂರನ್ನೂ ಒಂದೇ ಫೈಲಿಗೆ ಪಿನ್ ಮಾಡಿ ಸರ್ಜನ್ ಮುಂದೆ ಇಡುತ್ತಾರೆ. ಹೋದ ತಿಂಗಳ ಖರ್ಚನ್ನು ಇವತ್ತಿನ ವ್ಯಾಪಾರದ ಜೊತೆ ಇಟ್ಟು ಅಂಗಡಿಯ ಲಾಭ ಲೆಕ್ಕ ಹಾಕಿದ ಹಾಗೆ. ಅದರಿಂದ ಏನು ತೀರ್ಮಾನ ಮಾಡಲು ಆಗುತ್ತದೆ?

ನನ್ನ ಮೊದಲ ನಿಯಮ ಇಲ್ಲಿಂದಲೇ ಬಂತು. ಒಂದೇ ಚುಚ್ಚಿನಲ್ಲಿ ಎಲ್ಲ ತೆಗೆಯಬೇಕು. ಕ್ಯಾಲ್ಸಿಯಂ, ಅದನ್ನು ರಕ್ತದಲ್ಲಿ ಹೊರುವ ಪ್ರೋಟೀನ್ ಆಲ್ಬುಮಿನ್, ಪಿಟಿಹೆಚ್, ಫಾಸ್ಫರಸ್, ಕಿಡ್ನಿಯ ಕೆಲಸ ಹೇಳುವ ಕ್ರಿಯಾಟಿನಿನ್, ಮೆಗ್ನೀಸಿಯಂ, ಮೂಳೆ ಸವೆತ ತೋರಿಸುವ ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ. ಬೆಳಿಗ್ಗೆ, ಬರಿ ಹೊಟ್ಟೆಯಲ್ಲಿ, ಕೂತ ಭಂಗಿಯಲ್ಲಿ. ಒಂದೆರಡು ವಾರ ಬಿಟ್ಟು ಕ್ಯಾಲ್ಸಿಯಂ, ಪಿಟಿಹೆಚ್ ಜೋಡಿಯನ್ನು ಮತ್ತೊಮ್ಮೆ. ಎರಡು ಸಲವೂ ಒಂದೇ ಕಥೆ ಹೇಳಿದರೆ ಮಾತ್ರ ನಾನು ಸರ್ಜನ್‌ಗೆ ಧೈರ್ಯವಾಗಿ ಹೇಳುತ್ತೇನೆ.

ಕೇಳಲು ಸುಲಭ. ಆದರೆ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಪಿಟಿಹೆಚ್ ಅಲ್ಲ, ಕ್ಯಾಲ್ಸಿಯಂ. ಅದೇ ಸೀರಮ್ (ಹೆಪ್ಪುಗಟ್ಟಿದ ರಕ್ತದಿಂದ ಬೇರೆಯಾಗುವ ತಿಳಿ) ಬೆಳಿಗ್ಗೆ 9.8, ಅಂದರೆ ನಾರ್ಮಲ್; ಸಂಜೆ 10.9, ಅಂದರೆ ಜಾಸ್ತಿ. ಮರುದಿನ 10.2. ಬೇರೆ ಕಾಯಿಲೆಗಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಆಪರೇಷನ್ ಬೇಕೋ ಬೇಡವೋ ಅನ್ನುವುದೇ ಆ ಒಂದು ಪಾಯಿಂಟಿನಲ್ಲಿ ನಿಂತಿರುತ್ತದೆ. ರೀಏಜೆಂಟ್, ಅಂದರೆ ಕ್ಯಾಲ್ಸಿಯಂ ಜೊತೆ ಸೇರಿ ಬಣ್ಣ ಕೊಡುವ ರಾಸಾಯನಿಕ, ಬದಲಾಯಿಸಿದೆ. ಕ್ರೆಸಾಲ್ಫ್ಥಾಲೀನ್ ಬಿಟ್ಟು ಆರ್ಸೆನಾಜೋಗೆ ಹೋದೆ. ಸ್ವಲ್ಪ ಸುಧಾರಿಸಿತು, ಪೂರ್ತಿ ಹೋಗಲಿಲ್ಲ. ಕಂಪನಿಯ ಎಂಜಿನಿಯರ್ ಬಂದು ಲ್ಯಾಂಪ್ ಬದಲಾಯಿಸಿ ಬಿಲ್ ಕೊಟ್ಟು ಹೋದರು. ಎಂಟು ಸಾವಿರವೋ ಒಂಬತ್ತು ಸಾವಿರವೋ. ಫಲ ಸೊನ್ನೆ.

ಕೊನೆಗೆ ಸಿಕ್ಕಿದ್ದು ನೀರು. ನಮ್ಮ ಬೋರ್‌ವೆಲ್ ನೀರಿನ ಗಡಸುತನ ನಿಮಗೆಲ್ಲ ಗೊತ್ತೇ ಇದೆ, ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ. ನೀರಿನ ಲವಣ ತೆಗೆಯುವ ನಮ್ಮ ಡಿಅಯೊನೈಸರ್‌ನ ರೆಸಿನ್ ಈ ನೀರಿಗೆ ತಡೆಯುತ್ತಿರಲಿಲ್ಲ. ಕಂಪನಿಯವರು ಆರು ತಿಂಗಳು ಅಂದಿದ್ದರೆ ಇಲ್ಲಿ ಎರಡು ತಿಂಗಳಿಗೇ ಮುಗಿಯುತ್ತಿತ್ತು. ಕ್ಯುವೆಟ್ (ಪರೀಕ್ಷೆ ನಡೆಯುವ ಪುಟ್ಟ ಪಾತ್ರೆ) ತೊಳೆದ ನೀರಿನ ಒಂದು ಹನಿ ಉಳಿದರೂ ಅದರಲ್ಲಿದ್ದ ಕ್ಯಾಲ್ಸಿಯಂ ಪೇಷಂಟಿನ ಲೆಕ್ಕಕ್ಕೆ ಸೇರುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಮೆಷಿನ್ನಿಗೆ ಅಳತೆ ಕಲಿಸುವ ಪುಡಿ ರೂಪದ ಕ್ಯಾಲಿಬ್ರೇಟರ್ ಅನ್ನು ಅದೇ ನೀರಿನಲ್ಲಿ ಕರಗಿಸಿದರೆ ಅದರಲ್ಲಿ ಬರೆದ ಅಂಕಿಗಿಂತ ಜಾಸ್ತಿ ಕ್ಯಾಲ್ಸಿಯಂ ಕೂರುತ್ತದೆ. ಆಗ ಪೇಷಂಟಿನ ಅಂಕಿ ಕೆಳಗೆ ಬೀಳುತ್ತದೆ. ಅಂದರೆ ಒಂದು ದಿನ ಮೇಲೆ, ಒಂದು ದಿನ ಕೆಳಗೆ. ಅಂಕಿ ಸರಿ ಬರುತ್ತಿದೆಯೇ ಅಂತ ದಿನಾ ಗುರುತಿಸುವ ಕಂಟ್ರೋಲ್ ಚಾರ್ಟ್ ನೋಡಿದರೆ ಹುಚ್ಚು ಹಿಡಿಯುತ್ತಿತ್ತು.

ಈಗ ಆರ್‌ಓ ಮುಂದೆ, ಅದರ ಹಿಂದೆ ಎರಡು ರೆಸಿನ್ ಸಿಲಿಂಡರ್. ನೀರಿನಲ್ಲಿ ಲವಣ ಉಳಿದಿದೆಯೇ ಅಂತ ಹೇಳುವ ಕಂಡಕ್ಟಿವಿಟಿ ಮೀಟರ್ ಗೋಡೆಗೇ ಹಾಕಿಸಿದ್ದೇನೆ. ಬೆಳಿಗ್ಗೆ ಬಂದ ತಕ್ಷಣ ಹುಡುಗರು ಮೊದಲು ಅದನ್ನು ಬರೆಯಬೇಕು, ಆಮೇಲೆ ಮೆಷಿನ್ ಆನ್. ಕ್ಯಾಲಿಬ್ರೇಟರ್ ಕರಗಿಸಲು ಇಂಜೆಕ್ಷನ್‌ಗೆ ಬಳಸುವ ಸ್ಟೆರೈಲ್ ವಾಟರ್ ಆಂಪ್ಯೂಲ್ ಮಾತ್ರ. ಕೆಲವೇ ರೂಪಾಯಿಯ ಆಂಪ್ಯೂಲ್ ನನ್ನ ಅರ್ಧ ತಲೆನೋವು ಕಳೆಯಿತು. ಎಲ್ಲ ಸೇರಿ ನೀರಿಗೇ ಐವತ್ತು ಸಾವಿರದ ಹತ್ತಿರ ಖರ್ಚಾಗಿದೆ. ಸುಮ್ನೆ ದೊಡ್ಡ ಅನಲೈಜರ್ ತರುವ ಮುಂಚೆ ನಿಮ್ಮ ನೀರು ನೋಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ನೀರು ಸರಿಯಾದ ಮೇಲೆ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು ಲ್ಯಾಬುಗಳಿಗೆ ನಡೆಸುವ ಗುಣಮಟ್ಟದ ಪರೀಕ್ಷೆಯಲ್ಲೂ ನಮ್ಮ ಕ್ಯಾಲ್ಸಿಯಂ ಚೆನ್ನಾಗಿ ಕೂರತೊಡಗಿತು. ಆ ಕಾಗದವನ್ನೇ ನಾನು ಸರ್ಜನ್‌ಗೆ ಮೊದಲು ತೋರಿಸಿದ್ದು.

ರಕ್ತ ತೆಗೆಯುವ ಕಡೆ ಎರಡು ಮಾತು. ಟೂರ್ನಿಕೆಟ್ (ತೋಳಿಗೆ ಬಿಗಿಯುವ ಪಟ್ಟಿ) ಕಟ್ಟಿ ನರ ಹುಡುಕುತ್ತಾ ಕೂತರೆ ಪ್ರೋಟೀನ್ ಗಟ್ಟಿಯಾಗಿ ಕ್ಯಾಲ್ಸಿಯಂ ಸುಳ್ಳೇ ಏರುತ್ತದೆ. ಒಂದು ನಿಮಿಷದೊಳಗೆ ಬಿಚ್ಚಬೇಕು, ಮುಷ್ಟಿ ಬಿಗಿ ಹಿಡಿಸಬಾರದು. ಹಾಗೇ ಟ್ಯೂಬಿನ ಸರದಿ. ಹಳದಿ ಮುಚ್ಚಳದ್ದು ಮೊದಲು, ನೇರಳೆ ಮುಚ್ಚಳದ ಇಡಿಟಿಎ (ಕ್ಯಾಲ್ಸಿಯಂ ಹಿಡಿದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಪೊಟ್ಯಾಸಿಯಂ ಲವಣ) ಕೊನೆಗೆ. ಹೊರಗಿನಿಂದ ಬರುವ ಸ್ಯಾಂಪಲ್‌ಗಳಲ್ಲಿ ಕೆಲವು ಸಲ ಕ್ಯಾಲ್ಸಿಯಂ 5, ಪೊಟ್ಯಾಸಿಯಂ 9, ಆಲ್ಕಲೈನ್ ಫಾಸ್ಫಟೇಸ್ ನೆಲ ಕಚ್ಚಿರುತ್ತದೆ. ಪೇಷಂಟ್ ಮಾತ್ರ ಆರಾಮಾಗಿ ಚಹಾ ಕುಡಿಯುತ್ತಾ ಕೂತಿರುತ್ತಾರೆ. ಯಾರೋ ಇಡಿಟಿಎ ಟ್ಯೂಬಿನಿಂದ ಸ್ವಲ್ಪ ರಕ್ತ ಇದಕ್ಕೆ ಸುರಿದಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತದೆ. ಅಂಥದ್ದನ್ನು ನಾನು ವಾಪಸ್ ಕಳಿಸುತ್ತೇನೆ, ಮುಖ ನೋಡುವುದಿಲ್ಲ.

ಪಿಟಿಹೆಚ್ ವಿಷಯಕ್ಕೆ ಬರುತ್ತೇನೆ. ಮೊದಮೊದಲು ನಾನೂ ಬೆಂಗಳೂರಿಗೇ ಕಳಿಸುತ್ತಿದ್ದೆ. ರಾತ್ರಿ ಬಸ್ಸಿಗೆ ಡಬ್ಬ ಹಾಕಿದರೆ ಬೆಳಿಗ್ಗೆ ಮುಟ್ಟುತ್ತದೆ, ಮುನ್ನೂರು ಕಿಲೋಮೀಟರ್ ಚಿಲ್ಲರೆ. ಆಗ ಕಲೆಕ್ಷನ್ ಸೆಂಟರ್‌ನವರು ಹೇಳಿದ್ದು ಸೀರಮ್ ಕೊಡಿ ಅಂತ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 40 ದಾಟಿರುತ್ತದೆ. ಜೆಲ್ ಪ್ಯಾಕ್ ಬಸ್ ಸ್ಟ್ಯಾಂಡಿನಲ್ಲೇ ಕರಗುತ್ತಿತ್ತು. ಕ್ಯಾಲ್ಸಿಯಂ 12ರ ಹತ್ತಿರ ಇರುವ ಹೆಂಗಸಿಗೆ ಪಿಟಿಹೆಚ್ 38, ಅಂದರೆ ನಾರ್ಮಲ್, ಅಂತ ಬಂತು ಒಂದು ಸಲ. ಮೂಳೆ ನೋಡಿದರೆ ಬೆರಳಿನ ಎಕ್ಸ್‌ರೇಯಲ್ಲೇ ಸವೆತ ಕಾಣುತ್ತಿದೆ. ಅದೇ ಹೆಂಗಸನ್ನು ಬೆಂಗಳೂರಿಗೇ ಕಳಿಸಿ ಅಲ್ಲಿ ರಕ್ತ ಕೊಡಿಸಿದಾಗ ನಾನೂರು ಚಿಲ್ಲರೆ. ದಾರಿಯಲ್ಲಿ ಹಾರ್ಮೋನ್ ಕರಗಿ ಹೋಗಿತ್ತು.

ಇಡಿಟಿಎ ಪ್ಲಾಸ್ಮಾದಲ್ಲಿ (ಆ ಟ್ಯೂಬಿನ ಹೆಪ್ಪುಗಟ್ಟದ ರಕ್ತದಿಂದ ಬೇರೆ ಮಾಡಿದ ತಿಳಿ) ಪಿಟಿಹೆಚ್ ಸೀರಮ್‌ಗಿಂತ ಗಟ್ಟಿಯಾಗಿ ಉಳಿಯುತ್ತದೆ. 24 ಗಂಟೆಯೊಳಗೆ ಪ್ಲಾಸ್ಮಾ ಬೇರೆ ಮಾಡಿ, 4 ಡಿಗ್ರಿಯಲ್ಲಿಟ್ಟರೆ 72 ಗಂಟೆಯೊಳಗೆ ಪರೀಕ್ಷೆ ಮಾಡಬಹುದು. ನಾನು ಇಷ್ಟು ಸಮಯ ಎಳೆಯುವುದೇ ಇಲ್ಲ. ಅರ್ಧ ಗಂಟೆಯಲ್ಲಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಪ್ಲಾಸ್ಮಾ ಬೇರೆ ಮಾಡಿ ಫ್ರಿಜ್‌ಗೆ. ಸಿರುಗುಪ್ಪ, ಸಂಡೂರು, ಕುರುಗೋಡಿನಿಂದ ಬರುವ ಸ್ಯಾಂಪಲ್‌ಗೆ ಒಂದು ಡಬ್ಬ ಮಾಡಿದ್ದೇನೆ. ಮಧ್ಯಾಹ್ನ ಎರಡು ಗಂಟೆಗೆ ಬೈಕಿನ ಮೇಲೆ ಬಂದರೂ ಒಳಗೆ 8 ಡಿಗ್ರಿ ದಾಟುವುದಿಲ್ಲ. ಅದನ್ನು ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುವುದಿಲ್ಲ. ಅದರ ಹಿಂದೆ ಎರಡು ಬೇಸಿಗೆಯ ದುಡಿಮೆ ಇದೆ. ಲ್ಯಾಬಿಗೆ ಬಂದವರಿಗೆ ತೋರಿಸುತ್ತೇನೆ.

ಮೆಷಿನ್ ತಂದಿದ್ದು ಆಮೇಲೆ. ಹಾರ್ಮೋನ್ ಅಳೆಯುವ ಚಿಕ್ಕ ಇಮ್ಯುನೋಅಸ್ಸೇ ಮೆಷಿನ್, ಆರೇಳು ಲಕ್ಷದ ಆಸುಪಾಸು. ಅರ್ಧ ದುಡ್ಡು ಮನೆಯ ಬಂಗಾರದ ಮೇಲೆ ಸಾಲ. ನನ್ನ ಭಾವ "ಇದೇ ದುಡ್ಡಲ್ಲಿ ಇನ್ನೊಂದು ಕಲೆಕ್ಷನ್ ಸೆಂಟರ್ ಹಾಕಬಹುದಿತ್ತು" ಅಂದರು. ಲೆಕ್ಕದ ಪ್ರಕಾರ ಅವರ ಮಾತು ತಪ್ಪಲ್ಲ. ನೂರು ಟೆಸ್ಟಿನ ಪಿಟಿಹೆಚ್ ಕಿಟ್ ನಲವತ್ತು ಸಾವಿರದ ಹತ್ತಿರ. ಒಡೆದ ಮೇಲೆ ಒಂದು ತಿಂಗಳ ಆಯಸ್ಸು. ಕ್ಯಾಲಿಬ್ರೇಷನ್, ಕಂಟ್ರೋಲ್ ಅಂತ ಅದರಲ್ಲೇ ಇಪ್ಪತ್ತರ ತನಕ ಹೋಗುತ್ತದೆ. ಪ್ಯಾರಾಥೈರಾಯ್ಡ್ ಪೇಷಂಟ್ ತಿಂಗಳಿಗೆ ನಾಲ್ಕೋ ಐದೋ. ಮೊದಲ ಎರಡು ಕಿಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಕ್ಸ್‌ಪೈರಿ ಆಗಿ ಡಸ್ಟ್‌ಬಿನ್‌ಗೆ ಹೋಯಿತು. ಆ ತಿಂಗಳುಗಳಲ್ಲಿ ಬಾಡಿಗೆ ಕಟ್ಟಲು ಒದ್ದಾಡಿದ್ದೇನೆ.

ಅದನ್ನು ಉಳಿಸಿದ್ದು ಡಯಾಲಿಸಿಸ್ ಪೇಷಂಟ್‌ಗಳು. ಅವರಿಗೆ ಕೆಲವು ತಿಂಗಳಿಗೊಮ್ಮೆ ಪಿಟಿಹೆಚ್ ನೋಡಲೇಬೇಕು. ಎರಡು ಡಯಾಲಿಸಿಸ್ ಸೆಂಟರ್ ಜೊತೆ ಮಾತಾಡಿದೆ. ಹೊರಗೆ ಸಾವಿರದ ಇನ್ನೂರು, ಸಾವಿರದ ಐನೂರು ತೆಗೆದುಕೊಳ್ಳುವ ಟೆಸ್ಟನ್ನು ಅವರಿಗೆ ಏಳುನೂರಕ್ಕೆ ಕೊಟ್ಟೆ. ವಾರಕ್ಕೆ ಎರಡು ದಿನ ಬ್ಯಾಚ್ ಹಾಕುತ್ತೇನೆ. ಕಿಟ್ ತುಂಬುತ್ತದೆ, ಪ್ಯಾರಾಥೈರಾಯ್ಡ್ ಪೇಷಂಟಿಗೂ ದರ ಇಳಿಯುತ್ತದೆ. ಕಂಪನಿಯಿಂದ ಕ್ಯಾಲಿಬ್ರೇಟರ್ ಖರ್ಚನ್ನು ಹೇಗೆ ಕಡಿಮೆ ಮಾಡಿಸಿಕೊಂಡೆ ಅನ್ನುವುದು ನನ್ನಲ್ಲೇ ಇರಲಿ. ಕೇಳಿ ನೋಡಿ, ನಿಮಗೂ ಕೊಡುತ್ತಾರೆ.

ಈಗ ಅಂಕಿ ಸರಿ ಬಂತು ಅಂದುಕೊಳ್ಳಿ. ಮುಂದಿನ ಜಗಳ ಅಂಕಿಯನ್ನು ಓದುವುದರಲ್ಲಿ. ಕ್ಯಾಲ್ಸಿಯಂ 11, ಪಿಟಿಹೆಚ್ 58. ರಿಪೋರ್ಟಿನಲ್ಲಿ ಪಿಟಿಹೆಚ್ ಮುಂದೆ 15ರಿಂದ 65 ಅಂತ ಪ್ರಿಂಟ್ ಆಗಿರುತ್ತದೆ. ಅದನ್ನು ನೋಡಿ "ನಾರ್ಮಲ್ ಇದೆ, ಪ್ಯಾರಾಥೈರಾಯ್ಡ್ ಅಲ್ಲ" ಅಂತ ಪೇಷಂಟನ್ನು ಮನೆಗೆ ಕಳಿಸಿದವರು ಎಷ್ಟೋ ಜನ. ಕ್ಯಾಲ್ಸಿಯಂ 11 ಇರುವಾಗ ಆರೋಗ್ಯವಾಗಿರುವ ಗ್ರಂಥಿ ಸುಮ್ಮನೆ ಮಲಗಿರಬೇಕು. ಪಿಟಿಹೆಚ್ 20ರ ಕೆಳಗೆ ಇಳಿದಿರಬೇಕು. 58 ಅಂದರೆ ಅದು ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ಕ್ಯಾನ್ಸರ್‌ನಿಂದ ಕ್ಯಾಲ್ಸಿಯಂ ಏರಿದ್ದರೆ ಸಾಮಾನ್ಯವಾಗಿ ಪಿಟಿಹೆಚ್ ಕೆಳಗೆ ಬಿದ್ದಿರುತ್ತದೆ. ಹಾಗಾಗಿ ಈ ಜೋಡಿಯ ರಿಪೋರ್ಟನ್ನು ನಾನು ಒಂದೇ ಹಾಳೆಯಲ್ಲಿ, ಒಂದೇ ಸಾಲಿನಲ್ಲಿ ಪ್ರಿಂಟ್ ಮಾಡುತ್ತೇನೆ. ಕೆಳಗೆ ಒಂದು ವಾಕ್ಯ: ಕ್ಯಾಲ್ಸಿಯಂ ಜೊತೆ ಇಟ್ಟು ಓದಿ. ಈ ಒಂದು ಸಾಲಿಗೆ ಮೊದಲು ನನಗೆ ಬೈದವರೂ ಇದ್ದಾರೆ. "ಲ್ಯಾಬಿನವರು ನಮಗೆ ಪಾಠ ಮಾಡ್ತಾರಾ?" ಅಂತ. ನಾನು ತೆಗೆಯಲಿಲ್ಲ.

ಆಲ್ಬುಮಿನ್ ಮರೆಯಬೇಡಿ, ಅದು ಕಡಿಮೆ ಇದ್ದರೆ ಕ್ಯಾಲ್ಸಿಯಂ ಸುಳ್ಳೇ ಕಡಿಮೆ ಕಾಣುತ್ತದೆ. ಬಡತನ, ಹಳೆಯ ಕಾಯಿಲೆ, ಊಟ ಸಾಲದವರು ನಮ್ಮಲ್ಲಿ ಜಾಸ್ತಿ. ಕ್ಯಾಲ್ಸಿಯಂ 10.1, ಆಲ್ಬುಮಿನ್ 2.9 ಅಂದರೆ ಸರಿಪಡಿಸಿದ ಕ್ಯಾಲ್ಸಿಯಂ 11ರ ಹತ್ತಿರ. 4ರಿಂದ ಆಲ್ಬುಮಿನ್ ಕಳೆದು 0.8ರಿಂದ ಗುಣಿಸಿ ಸೇರಿಸುವ ಲೆಕ್ಕ, ನಿಮಗೆ ಗೊತ್ತೇ ಇದೆ. ಆದರೆ ಅದನ್ನು ರಿಪೋರ್ಟಿನಲ್ಲಿ ಬರೆಯುವ ಲ್ಯಾಬ್ ಎಷ್ಟಿವೆ?

ಈ ಲೆಕ್ಕದ ಗೊಡವೆಯೇ ಬೇಡ ಅಂತ ನೇರ ಅಯೊನೈಸ್ಡ್ ಕ್ಯಾಲ್ಸಿಯಂ (ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವುದು) ನೋಡಲು ಸ್ವಲ್ಪ ದಿನ ಹೊರಟೆ. ಐಸಿಯುನ ಬ್ಲಡ್ ಗ್ಯಾಸ್ ಮೆಷಿನ್‌ನಲ್ಲಿ ಬರುತ್ತದಲ್ಲ. ಅಲ್ಲಿ ವಾರ್ಡಿನ ಸಿರಿಂಜ್‌ಗೆ ರಕ್ತ ಹೆಪ್ಪುಗಟ್ಟದಿರಲಿ ಅಂತ ಹೆಪಾರಿನ್ ಎಳೆದು ಬಿಟ್ಟು ರಕ್ತ ತೆಗೆಯುತ್ತಾರೆ. ಆ ಹೆಪಾರಿನ್ನೇ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಮೇಲೆ ಗಾಳಿಗುಳ್ಳೆ ಉಳಿದರೆ ಪಿಹೆಚ್ ಏರಿ ಅಯೊನೈಸ್ಡ್ ಇನ್ನಷ್ಟು ಇಳಿಯುತ್ತದೆ. ಒಬ್ಬರದೇ ರಕ್ತ ಎರಡು ಸಿರಿಂಜ್‌ನಲ್ಲಿ ಹಾಕಿ ನೋಡಿದೆ. ಕ್ಯಾಲ್ಸಿಯಂ ಸಮತೋಲನ ಮಾಡಿದ ರೆಡಿಮೇಡ್ ಸಿರಿಂಜ್‌ನಲ್ಲಿ 1.41, ವಾರ್ಡಿನ ಸಿರಿಂಜ್‌ನಲ್ಲಿ 1.27. ಒಂದು ಕಾಯಿಲೆ ಹೇಳುತ್ತದೆ, ಇನ್ನೊಂದು ನಾರ್ಮಲ್ ಹೇಳುತ್ತದೆ. ರೆಡಿಮೇಡ್ ಸಿರಿಂಜ್ ದುಬಾರಿ. ಈಗ ಅನುಮಾನ ಇರುವ ಕೇಸಿಗೆ ಮಾತ್ರ ಬಳಸುತ್ತೇನೆ.

ವಿಟಮಿನ್ ಡಿ ದೊಡ್ಡ ಅಧ್ಯಾಯ. ಇಷ್ಟು ಬಿಸಿಲಿನ ಊರಿನಲ್ಲಿ ವಿಟಮಿನ್ ಡಿ ಕಡಿಮೆ ಇರುತ್ತದಾ ಅಂತ ಕೇಳುತ್ತಾರೆ. ಇರುತ್ತದೆ. ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್‌ಗಳಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ತಗಡಿನ ಕೆಳಗೆ ಕೂರುವ ಹೆಂಗಸರನ್ನು ನೋಡಿ. ಅವರ ಮೈಗೆ ಬಿಸಿಲು ಬೀಳುವುದು ಯಾವಾಗ? 9, 11, 7 ಹೀಗೆ ಬರುತ್ತದೆ ಅಂಕಿ. ವಿಟಮಿನ್ ಡಿ ಇಲ್ಲದಿದ್ದರೆ ಯಾರಿಗಾದರೂ ಪಿಟಿಹೆಚ್ ಏರಬಹುದು. ಜೊತೆಗೆ ನಿಜವಾದ ಗಡ್ಡೆ ಇದ್ದವರಲ್ಲಿ ಕ್ಯಾಲ್ಸಿಯಂ ಕೆಳಗೆ ಇಳಿದು ಕಾಯಿಲೆ ಮುಚ್ಚಿ ಹೋಗುತ್ತದೆ. ಎರಡೂ ಕಡೆಯಿಂದ ಮೋಸ.

ಇಂಥ ಒಬ್ಬರು ಬಂದಿದ್ದರು. ಕ್ಯಾಲ್ಸಿಯಂ 10.4, ಪಿಟಿಹೆಚ್ 240 ಸುಮಾರು, ವಿಟಮಿನ್ ಡಿ 9. "ಬರೀ ವಿಟಮಿನ್ ಕೊರತೆ, ಮಾತ್ರೆ ನುಂಗಿದರೆ ಹೋಗುತ್ತೆ" ಅಂದವರು ಒಬ್ಬರು. "ಕ್ಯಾಲ್ಸಿಯಂ ಅಂಚಿನಲ್ಲಿದೆ, ವಿಟಮಿನ್ ಡಿ ಕೊಟ್ಟರೆ ಅಪಾಯ" ಅಂದವರು ಇನ್ನೊಬ್ಬರು. ಫಿಜಿಷಿಯನ್ ಮೇಡಂ ಒಬ್ಬರು ಧೈರ್ಯ ಮಾಡಿ, ಸಣ್ಣ ಡೋಸ್‌ನಲ್ಲಿ ದಿನಾ ಕೊಡುತ್ತಾ ಹೋದರು. ನಾನು ಕ್ಯಾಲ್ಸಿಯಂ ಪದೇ ಪದೇ ನೋಡಿದೆ, ದುಡ್ಡು ತೆಗೆದುಕೊಳ್ಳದೆ. ಎರಡು ತಿಂಗಳ ಮೇಲೆ ವಿಟಮಿನ್ ಡಿ 30ರ ಹತ್ತಿರ, ಪಿಟಿಹೆಚ್ 180ಕ್ಕೆ ಇಳಿಯಿತು, ಕ್ಯಾಲ್ಸಿಯಂ 11.1ಕ್ಕೆ ಏರಿತು. ಮುಚ್ಚಿದ್ದು ತೆರೆದುಕೊಂಡಿತು. ಆಪರೇಷನ್‌ನಲ್ಲಿ ಎಡಗಡೆ ಕೆಳಗಿನ ಗ್ರಂಥಿ ದೊಡ್ಡದಾಗಿತ್ತು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಕ್ಯಾಲ್ಸಿಯಂ ಜಾಸ್ತಿ ಇರುವವರಿಗೆ ಆ ಆರು ಲಕ್ಷ ಯೂನಿಟ್ ಇಂಜೆಕ್ಷನ್ ಯಾರಾದರೂ ಹಾಕಲು ಹೊರಟರೆ ತಡೆಯಿರಿ. ಡೋಸ್ ಡಾಕ್ಟರೇ ನಿರ್ಧರಿಸಲಿ, ಅಂಗಡಿಯವರಲ್ಲ.

ಪರೀಕ್ಷೆಗೆ ಮುಂಚೆ ಮಾತ್ರೆಗಳ ಚೀಟಿ ತರಿಸುತ್ತೇನೆ. ಚೀಟಿಯಷ್ಟೇ ಅಲ್ಲ, ಖಾಲಿ ಸ್ಟ್ರಿಪ್ ಸಮೇತ. ಬಿಪಿ ಮಾತ್ರೆಯ ಹೆಸರಿನ ಕೊನೆಗೆ ಹೆಚ್ ಅಥವಾ ಸಿಟಿ ಇದ್ದರೆ ಅದರಲ್ಲಿ ಥಯಾಜೈಡ್ ಜಾತಿಯ ಔಷಧಿ ಇರುತ್ತದೆ. ಅದು ರಕ್ತದ ಕ್ಯಾಲ್ಸಿಯಂ ಏರಿಸಿ ಮೂತ್ರದ ಕ್ಯಾಲ್ಸಿಯಂ ಇಳಿಸುತ್ತದೆ. ಡಾಕ್ಟರ್ ಒಪ್ಪಿದರೆ ಕೆಲವು ವಾರ ಬೇರೆ ಮಾತ್ರೆಗೆ ಬದಲಾಯಿಸಿ ಮತ್ತೆ ನೋಡುತ್ತೇವೆ. ಮನೋರೋಗಕ್ಕೆ ಕೊಡುವ ಲಿಥಿಯಂ ಕೂಡ ಕ್ಯಾಲ್ಸಿಯಂ ಏರಿಸಬಲ್ಲದು, ಆದರೆ ಆ ಮಾತ್ರೆಯನ್ನು ಮಾತ್ರ ನಾವು ಮುಟ್ಟುವುದಿಲ್ಲ, ಅದು ಅವರ ಮನೋವೈದ್ಯರಿಗೆ ಬಿಟ್ಟದ್ದು.

ಕೂದಲಿನ ಮಾತ್ರೆಯ ಕಥೆ ಹೇಳಲೇಬೇಕು. ಇಪ್ಪತ್ತೆಂಟು ಮೂವತ್ತರ ಹುಡುಗಿ. ಕ್ಯಾಲ್ಸಿಯಂ 11.3, ಪಿಟಿಹೆಚ್ 12, ವಿಟಮಿನ್ ಡಿ 90ರ ಮೇಲೆ. ಯಾರು ನೋಡಿದರೂ ಒಂದೋ ವಿಟಮಿನ್ ಡಿ ವಿಷ ಆಗಿದೆ, ಇಲ್ಲ ಎಲ್ಲೋ ಕ್ಯಾನ್ಸರ್ ಇದೆ ಅನ್ನಬೇಕು. ಮನೆಯವರು ಅಳುತ್ತಾ ಕೂತಿದ್ದರು. ನನಗೆ ಅಂಕಿ ಒಪ್ಪಲಿಲ್ಲ. ವಿಟಮಿನ್ ಡಿ ಮಾತ್ರೆ ಅವಳು ತಗೊಂಡೇ ಇಲ್ಲ. "ಯಮ್ಮಾ, ಬೇರೆ ಏನಾದರೂ ತಿನ್ತೀಯಾ? ಸೊಪ್ಪು, ಪುಡಿ, ಕೂದಲಿಗೆ, ಚರ್ಮಕ್ಕೆ?" ಅಂತ ಕೇಳಿದೆ. ಬ್ಯಾಗಿನಿಂದ ಬಯೋಟಿನ್ ಮಾತ್ರೆ ಬಂತು, 10 ಮಿಲಿಗ್ರಾಂ, ದಿನಾ ಒಂದು. ನಮ್ಮ ಮೆಷಿನ್ ಬಯೋಟಿನ್ ಮತ್ತು ಅದಕ್ಕೆ ಗಟ್ಟಿಯಾಗಿ ಅಂಟುವ ಸ್ಟ್ರೆಪ್ಟಾವಿಡಿನ್ ಅನ್ನುವ ಪ್ರೋಟೀನ್ ಜೋಡಿಯ ಮೇಲೆ ನಡೆಯುವಂಥದ್ದು. ರಕ್ತದಲ್ಲಿ ಬಯೋಟಿನ್ ತುಂಬಿದರೆ ಪಿಟಿಹೆಚ್‌ನಂಥ ಸ್ಯಾಂಡ್‌ವಿಚ್ ಟೆಸ್ಟ್ (ಹಾರ್ಮೋನನ್ನು ಎರಡು ಕಡೆಯಿಂದ ಹಿಡಿದು ಅಳೆಯುವುದು) ಸುಳ್ಳೇ ಕಡಿಮೆ ತೋರಿಸುತ್ತದೆ. ವಿಟಮಿನ್ ಡಿಯಂಥ ಪೈಪೋಟಿ ಟೆಸ್ಟ್ (ಸ್ಯಾಂಪಲ್ಲಿನದೂ ಕಿಟ್ಟಿನದೂ ಒಂದೇ ಜಾಗಕ್ಕೆ ಪೈಪೋಟಿ ಮಾಡುವುದು) ಸುಳ್ಳೇ ಜಾಸ್ತಿ ತೋರಿಸುತ್ತದೆ. ಮಾತ್ರೆ ಬಿಡಿಸಿ ಒಂದು ವಾರದ ಮೇಲೆ ಮತ್ತೆ ನೋಡಿದರೆ ಪಿಟಿಹೆಚ್ 140, ವಿಟಮಿನ್ ಡಿ 16. ಕ್ಯಾನ್ಸರ್ ಹುಡುಕಲು ಬರೆದಿದ್ದ ಸ್ಕ್ಯಾನ್‌ಗಳನ್ನು ಡಾಕ್ಟರ್ ಅಲ್ಲೇ ಹೊಡೆದು ಹಾಕಿದರು. ಆ ಮನೆಯವರ ಮುಖದ ನೆಮ್ಮದಿ ನೋಡಿದ ಮೇಲೆ ಮೆಷಿನ್ ಸಾಲದ ಬಗ್ಗೆ ನನಗೆ ಬೇಜಾರು ಉಳಿಯಲಿಲ್ಲ.

24 ಗಂಟೆಯ ಮೂತ್ರ. ಇದನ್ನು ಬಿಟ್ಟು ಹೋಗುವವರೇ ಜಾಸ್ತಿ, ಏಕೆಂದರೆ ಯಾರಿಗೂ ಇಷ್ಟವಿಲ್ಲದ ಕೆಲಸ. ಆದರೆ ಇದಿಲ್ಲದೆ ಆಪರೇಷನ್‌ಗೆ ಹೋಗಬಾರದು. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಕ್ಯಾಲ್ಸಿಯಂ ಸ್ವಲ್ಪ ಏರಿರುತ್ತದೆ, ಪಿಟಿಹೆಚ್ ನಾರ್ಮಲ್ ಅಥವಾ ಸ್ವಲ್ಪ ಮೇಲಿರುತ್ತದೆ, ಮೂತ್ರದಲ್ಲಿ ಮಾತ್ರ ಕ್ಯಾಲ್ಸಿಯಂ ಬಹಳ ಕಡಿಮೆ ಹೋಗುತ್ತದೆ. ಅವರ ಕುತ್ತಿಗೆ ಕೊಯ್ದರೆ ಏನೂ ಪ್ರಯೋಜನವಿಲ್ಲ. ಮೂತ್ರದ ಕ್ಯಾಲ್ಸಿಯಂ ಅನ್ನು ರಕ್ತದ ಕ್ರಿಯಾಟಿನಿನ್‌ನಿಂದ ಗುಣಿಸಿ, ರಕ್ತದ ಕ್ಯಾಲ್ಸಿಯಂ ಮತ್ತು ಮೂತ್ರದ ಕ್ರಿಯಾಟಿನಿನ್ ಗುಣಲಬ್ಧದಿಂದ ಭಾಗಿಸಿ. 0.01ರ ಕೆಳಗೆ ಬಂದರೆ ಮನೆತನದ ಕಾಯಿಲೆಯ ಅನುಮಾನ, 0.02ರ ಮೇಲೆ ಇದ್ದರೆ ಗಡ್ಡೆಯ ಕಡೆ ವಾಲುತ್ತದೆ. ನಡುವೆ ಬಂದವರಿಗೆ ಇನ್ನೂ ಯೋಚನೆ ಬೇಕು.

ಸಿರುಗುಪ್ಪ ಕಡೆಯ ಒಬ್ಬ ರೈತರಿಗೆ ಆಪರೇಷನ್ ದಿನವೂ ಗೊತ್ತಾಗಿತ್ತು. ಕ್ಯಾಲ್ಸಿಯಂ 11, ಪಿಟಿಹೆಚ್ 70. ಮೂತ್ರ ನೋಡಿದರೆ ದಿನಕ್ಕೆ 70 ಮಿಲಿಗ್ರಾಂ ಕ್ಯಾಲ್ಸಿಯಂ, ಸಾವಿರದ ಹತ್ತಿರ ಕ್ರಿಯಾಟಿನಿನ್. ಲೆಕ್ಕ 0.005. ವಿಟಮಿನ್ ಡಿ ಸರಿ ಇತ್ತು, ಥಯಾಜೈಡ್ ಇಲ್ಲ. ಅವರ ತಂಗಿಯನ್ನೂ ಮಗನನ್ನೂ ಕರೆಸಿ ಕ್ಯಾಲ್ಸಿಯಂ ನೋಡಿದೆ, ಇಬ್ಬರಿಗೂ 10.8ರ ಮೇಲೆ. ಆಪರೇಷನ್ ನಿಂತಿತು. ಇಬ್ಬರದೂ ಪರೀಕ್ಷೆಯ ದುಡ್ಡು ನಾನೇ ಹಾಕಿದೆ, ಅದರ ಬಗ್ಗೆ ಹೆಮ್ಮೆ ಇದೆ.

ಮೂತ್ರ ಸರಿಯಾಗಿ ಹಿಡಿಸುವುದೇ ಕಷ್ಟ. ಬೆಳಗಿನ ಮೊದಲನೆಯದನ್ನು ಚೆಲ್ಲಿ ಶುರು ಮಾಡಿ, ಮರುದಿನ ಬೆಳಗಿನದನ್ನು ಸೇರಿಸಿ ಮುಗಿಸಬೇಕು. ಹೊಲಕ್ಕೆ ಹೋಗುವವರು ಕ್ಯಾನ್ ಹಿಡಿದುಕೊಂಡು ಹೋಗುತ್ತಾರಾ? ಹಿಡಿದರೋ ಇಲ್ಲವೋ ಅಂತ ಮೂತ್ರದ ಕ್ರಿಯಾಟಿನಿನ್ ಹೇಳುತ್ತದೆ. ಅರವತ್ತು ಕೆಜಿ ತೂಕದ ಗಂಡಸಿಗೆ ದಿನಕ್ಕೆ 500 ಮಿಲಿಗ್ರಾಂ ಬಂದರೆ ಅರ್ಧ ಚೆಲ್ಲಿದ್ದಾರೆ ಅಂತಲೇ ಲೆಕ್ಕ. ಮೊದಲು ಕ್ಯಾಲ್ಸಿಯಂ ತಳಕ್ಕೆ ಕೂರದಿರಲಿ ಅಂತ ಕ್ಯಾನಿನಲ್ಲಿ ಆಸಿಡ್ ಹಾಕಿ ಕೊಡುತ್ತಿದ್ದೆವು. ಮನೆಯಲ್ಲಿ ಮಕ್ಕಳಿರುತ್ತಾರೆ, ನನಗೆ ಭಯ. ಆಸಿಡ್ ಇಲ್ಲದೆ ಹಿಡಿಸಿ, ಲ್ಯಾಬಿಗೆ ಬಂದ ಮೇಲೆ ಚೆನ್ನಾಗಿ ಕಲಕಿ, ಆಸಿಡ್ ಹಾಕಿ ಬಿಟ್ಟು ನೋಡಿದೆ. ಒಂದೇ ಮೂತ್ರವನ್ನು ಎರಡು ಭಾಗ ಮಾಡಿ ಎರಡೂ ವಿಧಾನ ಹೋಲಿಸಿದೆ. ನೂರಕ್ಕೆ ಎರಡು ಮೂರರಷ್ಟು ವ್ಯತ್ಯಾಸ, ಅಷ್ಟೇ. ಈಗ ಮನೆಗೆ ಆಸಿಡ್ ಹೋಗುವುದಿಲ್ಲ. ಬೇಸಿಗೆಯಲ್ಲಿ ಬೆವರು ಸುರಿದು ಮೂತ್ರ ಮುಕ್ಕಾಲು ಲೀಟರ್ ಕೂಡ ಆಗದ ದಿನ ಇರುತ್ತದೆ. ಅದಕ್ಕೇ ನಾನು ಹೊಲದ ಕೆಲಸ ಇಲ್ಲದ ದಿನವೇ ಹಿಡಿಯಲು ಹೇಳುತ್ತೇನೆ, ಅಮಾವಾಸ್ಯೆ ದಿನ ಒಳ್ಳೆಯದು. ಅವತ್ತು ನಮ್ಮ ಕಡೆ ಎತ್ತು ಹೂಡುವುದಿಲ್ಲ.

ಇನ್ನೊಂದು ದಾರಿ ಹಿಡಿದು ಸ್ವಲ್ಪ ದೂರ ಹೋಗಿದ್ದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಫ್ಲೋರೈಡ್ ನೀರಿನ ಊರುಗಳಿವೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ, ದಾಟಿದ ಬೋರ್‌ವೆಲ್‌ಗಳು ಬೇಕಾದಷ್ಟಿವೆ. ಸೊಂಟ ನೋವು, ಮೊಣಕಾಲು ನೋವು ಅಂತ ಅಲ್ಲಿಂದ ಬರುವವರಿಗೆ ಪಿಟಿಹೆಚ್ ನೋಡಿದೆ, ಕಿಟ್ ಮಿಕ್ಕಿದ್ದ ದಿನಗಳಲ್ಲಿ. ಹಲವರಿಗೆ 90, 120, 150. ಆಲ್ಕಲೈನ್ ಫಾಸ್ಫಟೇಸ್ ಕೂಡ ಏರಿದೆ. ಕ್ಯಾಲ್ಸಿಯಂ ಮಾತ್ರ ನಾರ್ಮಲ್, ಇಲ್ಲವೇ ಕೆಳಗೆ. ಊಟದಲ್ಲಿ ಕ್ಯಾಲ್ಸಿಯಂ ಸಾಲದು, ವಿಟಮಿನ್ ಡಿ ಸಾಲದು, ಮೇಲೆ ಫ್ಲೋರೈಡ್. ಇಲ್ಲಿ ಗ್ರಂಥಿ ತನ್ನ ಕೆಲಸವನ್ನೇ ಮಾಡುತ್ತಿದೆ, ಕಾಯಿಲೆ ಬೇರೆ ಕಡೆ ಇದೆ. ಇವರನ್ನು ಪಿಟಿಹೆಚ್ ಒಂದನ್ನೇ ನೋಡಿ ಸರ್ಜನ್ ಹತ್ತಿರ ಕಳಿಸಿದರೆ ಅನ್ಯಾಯ. ಬರೀ ಪಿಟಿಹೆಚ್ ರಿಪೋರ್ಟ್ ಕೈಯಲ್ಲಿ ಹಿಡಿದು "ಗಂಟಲಲ್ಲಿ ಗಡ್ಡೆ ಐತಂತೆ" ಅಂತ ಬಂದವರನ್ನು ನಾನೇ ನೋಡಿದ್ದೇನೆ.

ಸ್ಕ್ಯಾನ್ ಬಗ್ಗೆ ನನ್ನ ಮಾತು ಸರ್ಜನ್‌ಗಳ ಜೊತೆ ಸುಮಾರು ವಾದ ತಂದಿದೆ. ಸ್ಕ್ಯಾನ್ ಗಡ್ಡೆ ಎಲ್ಲಿದೆ ಅಂತ ಹೇಳುತ್ತದೆ. ಕಾಯಿಲೆ ಇದೆಯೋ ಇಲ್ಲವೋ ಅಂತ ಹೇಳುವುದು ರಕ್ತ. ಗಡ್ಡೆಯ ಜಾಗ ತೋರಿಸುವ ಸೆಸ್ಟಾಮಿಬಿ ಸ್ಕ್ಯಾನ್‌ಗೆ ಬೆಂಗಳೂರು ಅಥವಾ ಹೈದರಾಬಾದ್‌ಗೆ ಹೋಗಿ, ಹತ್ತು ಹದಿನೈದು ಸಾವಿರ ಕಳೆದು, "ಏನೂ ಕಾಣಲಿಲ್ಲ" ಅಂತ ಬರೆಸಿಕೊಂಡು ಬಂದು, ಕಾಯಿಲೆಯೇ ಇಲ್ಲ ಅಂತ ಎರಡು ವರ್ಷ ಕಳೆದವರಿದ್ದಾರೆ. ಅಷ್ಟರಲ್ಲಿ ತೊಡೆಯ ಮೂಳೆ ಮುರಿದಿರುತ್ತದೆ. 1925ರಲ್ಲಿ ವಿಯೆನ್ನಾದಲ್ಲಿ ಫೆಲಿಕ್ಸ್ ಮ್ಯಾಂಡಲ್ ಅನ್ನುವ ಸರ್ಜನ್ ಇಂಥ ಗಡ್ಡೆಯನ್ನು ಮೊದಲ ಸಲ ತೆಗೆದಾಗ ಸ್ಕ್ಯಾನೂ ಇರಲಿಲ್ಲ, ಪಿಟಿಹೆಚ್ ಅಳೆಯುವ ದಾರಿಯೂ ಇರಲಿಲ್ಲ. ಪಿಟಿಹೆಚ್ ಟೆಸ್ಟ್ ಬಂದಿದ್ದು 1963ರಲ್ಲಿ, ಅಮೆರಿಕದ ವಿಜ್ಞಾನಿಗಳಾದ ಬರ್ಸನ್ ಮತ್ತು ಯಾಲೊ ಕೈಯಿಂದ. ಅಷ್ಟು ಒಳ್ಳೆಯ ಟೆಸ್ಟ್ ಕೈಯಲ್ಲಿಟ್ಟುಕೊಂಡು ನಾವು ಇನ್ನೂ ಸ್ಕ್ಯಾನ್‌ನಿಂದ ಶುರು ಮಾಡಿದರೆ ಹೇಗೆ? ಈ ಮಾತು ಹೇಳಿದಾಗ ಆ ಹಿರಿಯ ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ಮುಂದಿನ ಕೇಸಿಗೆ ನಿಮ್ಮ ಸೆಟ್ ಮೊದಲು" ಅಂದರು.

ಆಪರೇಷನ್ ಹಿಂದಿನ ದಿನ ನಾನು ಮತ್ತೆ ಒಂದು ಸೆಟ್ ತೆಗೆಯುತ್ತೇನೆ. ಕ್ಯಾಲ್ಸಿಯಂ 14ರ ಹತ್ತಿರ ಇದ್ದರೆ ಮೊದಲು ಡ್ರಿಪ್ ಹಾಕಿ ಇಳಿಸಬೇಕು, ಆಮೇಲೆ ಟೇಬಲ್. ಮೆಗ್ನೀಸಿಯಂ ಮತ್ತು ಆಲ್ಕಲೈನ್ ಫಾಸ್ಫಟೇಸ್ ಅನ್ನು ಅನೆಸ್ತೀಸಿಯಾದವರಿಗೂ ವಾರ್ಡಿನ ಸಿಸ್ಟರ್‌ಗೂ ಬೇರೆ ಬೇರೆ ಹೇಳುತ್ತೇನೆ. ನಮ್ಮ ಪೇಷಂಟ್‌ಗಳು ತಡವಾಗಿ ಬರುತ್ತಾರೆ, ಮೂಳೆ ಸವೆದಿರುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಸಾವಿರ ದಾಟಿ, ವಿಟಮಿನ್ ಡಿ ಕಡಿಮೆ ಇದ್ದರೆ ಗಡ್ಡೆ ತೆಗೆದ ಮರುದಿನವೇ ಹಸಿದ ಮೂಳೆ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಕೈ ಬೆರಳು ಸೆಟೆದುಕೊಳ್ಳುತ್ತವೆ. ಮೆಗ್ನೀಸಿಯಂ ಕಡಿಮೆ ಇದ್ದರೆ ಎಷ್ಟು ಕ್ಯಾಲ್ಸಿಯಂ ಹಾಕಿದರೂ ನಿಲ್ಲುವುದಿಲ್ಲ. ಮುಂಚೆಯೇ ಗೊತ್ತಿದ್ದರೆ ಕ್ಯಾಲ್ಸಿಯಂ ಗ್ಲುಕೋನೇಟ್ ಮಂಚದ ಪಕ್ಕ ಇರುತ್ತದೆ. ಚಿಕ್ಕ ವಯಸ್ಸಿನವರಾದರೆ, ಮನೆಯಲ್ಲಿ ಇನ್ನೊಬ್ಬರಿಗೂ ಇಂಥದ್ದಿದ್ದರೆ, ಮೆಟಾನೆಫ್ರಿನ್ (ಅಡ್ರಿನಲ್ ಗಡ್ಡೆಯ ಗುರುತು) ಕೂಡ ನೋಡಿ ಅಂತ ನೆನಪಿಸುತ್ತೇನೆ. ಅಡ್ರಿನಲ್ ಗಡ್ಡೆ ಒಳಗೆ ಕೂತಿದ್ದರೆ ಅನೆಸ್ತೀಸಿಯಾದಲ್ಲಿ ಬಿಪಿ ಹಾರಿ ಹೋಗುತ್ತದೆ. ಅದೊಂದು ಟೆಸ್ಟ್ ಮಾತ್ರ ಇವತ್ತಿಗೂ ಹೊರಗೆ ಕಳಿಸುತ್ತೇನೆ. ಅಂಥ ಕೇಸ್ ವರ್ಷಕ್ಕೆ ಒಂದೆರಡು ಬಂದರೆ ಹೆಚ್ಚು.

ಹೋದ ವರ್ಷದಿಂದ ಆಪರೇಷನ್ ನಡುವೆಯೂ ಪಿಟಿಹೆಚ್ ನೋಡುತ್ತಿದ್ದೇವೆ. ಕೊಯ್ಯುವ ಮುಂಚೆ ಒಂದು ಸ್ಯಾಂಪಲ್, ಗಡ್ಡೆ ಹೊರಗೆ ಬಂದ 10 ನಿಮಿಷಕ್ಕೆ ಇನ್ನೊಂದು. ಅರ್ಧಕ್ಕಿಂತ ಜಾಸ್ತಿ ಇಳಿದಿದ್ದರೆ ಮುಚ್ಚಬಹುದು. ಈ ಹಾರ್ಮೋನ್ ರಕ್ತದಲ್ಲಿ ಕೆಲವೇ ನಿಮಿಷ ಇರುವುದರಿಂದ ಇದು ಸಾಧ್ಯ. ಥಿಯೇಟರ್‌ನಿಂದ ನನ್ನ ಲ್ಯಾಬಿಗೆ ಬೈಕಿನಲ್ಲಿ ಐದಾರು ನಿಮಿಷ, ಮೆಷಿನ್‌ಗೆ ಇಪ್ಪತ್ತು ನಿಮಿಷದ ಹತ್ತಿರ. ಮೊದಲ ಸಲ 310ರಿಂದ 44ಕ್ಕೆ ಇಳಿಯಿತು. ಫೋನಿನಲ್ಲಿ ಅಂಕಿ ಹೇಳಿದಾಗ ಆ ಕಡೆಯಿಂದ ಸರ್ "ಹೊಲೀತಿದ್ದೀನಿ" ಅಂದರು. ಆ ದಿನಗಳಲ್ಲಿ ಕರೆಂಟ್ ಹೋದರೆ ತೊಂದರೆ ಅಂತ ಮೆಷಿನ್‌ಗೆ ಬೇರೆಯೇ ಯುಪಿಎಸ್ ಹಾಕಿಸಿದ್ದೇನೆ, ಅದೂ ನಲವತ್ತು ಸಾವಿರ ಚಿಲ್ಲರೆ.

ಪೂರ್ತಿ ಸೆಟ್‌ಗೆ, ಮೂತ್ರವೂ ಸೇರಿ, ನಾನು ಈಗ ಎರಡೂವರೆ ಸಾವಿರ ತೆಗೆದುಕೊಳ್ಳುತ್ತೇನೆ. ಎರಡನೇ ಸಲದ ಜೋಡಿಗೆ ಆರುನೂರು. ಮೊದಲಿನ ಪದ್ಧತಿಯಲ್ಲಿ ಬಸ್, ಊಟ, ಲಾಡ್ಜ್ ಎಲ್ಲ ಸೇರಿ ಬೆಂಗಳೂರಿನ ಒಂದು ಸುತ್ತಿಗೆ ಆರೇಳು ಸಾವಿರ ಹೋಗುತ್ತಿತ್ತು. ಮೆಷಿನ್ ಸಾಲ ಬರುವ ಯುಗಾದಿ ಹೊತ್ತಿಗೆ ತೀರುತ್ತದೆ. ರಾಯಚೂರಿನ ಇಬ್ಬರು ಹುಡುಗರು ಕಲಿಯಲು ಬರುತ್ತೇವೆ ಅಂದಿದ್ದಾರೆ. ಬರುವಾಗ ನಿಮ್ಮ ಲ್ಯಾಬಿನ ನೀರು ಒಂದು ಬಾಟಲಿ ತನ್ನಿ ಅಂತ ಹೇಳಿದ್ದೇನೆ.